ಓದಲು ಹೊರದೇಶಕ್ಕೆ ಹೋಗುವವರು ಆರೋಗ್ಯ ವಿಮೆ ಆರಿಸುವುದು ಹೇಗೆ?

ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನ ಪುಸ್ತಕದಲ್ಲಿ ವಿಮೆಯ ತತ್ವಗಳ ಪಾಠ ಬರುತ್ತದೆ. ಪರಮ ಸದ್ಭಾವನೆ, ವಿಮಾ ಹಿತಾಸಕ್ತಿ, ನಷ್ಟಭರ್ತಿ ಎಂದು ನಾವೆಲ್ಲರೂ ಸಾಲಾಗಿ ಬಾಯಿಪಾಠ ಮಾಡಿದ್ದೇವೆ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದು ಮರೆತಿದ್ದೇವೆ. ನಾನೂ ಮರೆತಿದ್ದೆ. ಕಳೆದ ವರ್ಷ ನಮ್ಮ ಅಣ್ಣ ಎಂಜಿನಿಯರಿಂಗ್ ಮುಗಿಸಿ ಸ್ನಾತಕೋತ್ತರ ಪದವಿಗೆ ಜರ್ಮನಿಗೆ ಹೊರಟಾಗ ಆ ಪಾಠ ಮತ್ತೆ ಬೇಕಾಯಿತು.

ಅಣ್ಣನ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಸಲಹೆಗಾರರು ಒಂದು ಖಾಸಗಿ ಪಾಲಿಸಿ ತೋರಿಸಿದರು. ತಿಂಗಳಿಗೆ 35 ಯೂರೋ. "ಸರ್ಕಾರಿ ವಿಮೆಗೆ ಇದರ ನಾಲ್ಕು ಪಟ್ಟು ಆಗುತ್ತದೆ, ಸುಮ್ಮನೆ ಯಾಕೆ ಕೊಡುತ್ತೀರಿ" ಎಂದರು. ಅಬ್ಬಾಗೆ ಸಂತೋಷವಾಯಿತು. ಅರ್ಜಿಯಲ್ಲಿ "ಮೊದಲಿನಿಂದ ಯಾವುದಾದರೂ ಕಾಯಿಲೆ ಇದೆಯೇ" ಎಂಬ ಪ್ರಶ್ನೆ ಇತ್ತು. ಅಣ್ಣನಿಗೆ ಚಿಕ್ಕಂದಿನಿಂದ ಅಸ್ತಮಾ ಇದೆ. ಸಲಹೆಗಾರರು "ಅದನ್ನೆಲ್ಲ ಬರೆಯಬೇಡಿ, ಇಲ್ಲ ಎಂದು ಹಾಕಿ" ಎಂದರು. ನಮ್ಮ ಅಮ್ಮಿ ಮಾತ್ರ ಒಂದೇ ಪ್ರಶ್ನೆ ಕೇಳಿದರು: "ಅಲ್ಲಿ ಇನ್ಹೇಲರ್‌ಗೆ ದುಡ್ಡು ಯಾರು ಕೊಡುತ್ತಾರೆ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ನಮ್ಮಲ್ಲಿ ಮುಂದೆ ಹೊರದೇಶಕ್ಕೆ ಓದಲು ಹೋಗುವವರು ಇದ್ದೀರಿ, ನಿಮ್ಮ ಮನೆಯಲ್ಲಿಯೂ ಹೋಗುವವರು ಇರಬಹುದು. ಅವರಿಗೆ ಇದು ಉಪಯೋಗವಾಗಲಿ.

ದೇಶ ಬೇರೆಯಾದರೆ ನಿಯಮವೂ ಬೇರೆ

ಮೊದಲು ತಿಳಿಯಬೇಕಾದದ್ದು ಇಷ್ಟು. "ಹೊರದೇಶದ ವಿಮೆ" ಎಂಬ ಒಂದೇ ವಸ್ತು ಇಲ್ಲ. ಒಂದೊಂದು ದೇಶ ಒಂದೊಂದು ರೀತಿಯಲ್ಲಿ ವ್ಯವಸ್ಥೆ ಮಾಡಿದೆ. ಗೆಳೆಯನೊಬ್ಬ ಬ್ರಿಟನ್‌ನಲ್ಲಿ ಮಾಡಿದ್ದನ್ನು ನೀವು ಆಸ್ಟ್ರೇಲಿಯಾದಲ್ಲಿ ಮಾಡಲಾಗದು.

ಬ್ರಿಟನ್‌ನಲ್ಲಿ ವಿದ್ಯಾರ್ಥಿ ವಿಮೆ ಆರಿಸುವ ಪ್ರಶ್ನೆ ಹೆಚ್ಚಾಗಿ ಬರುವುದಿಲ್ಲ. ವೀಸಾ ಅರ್ಜಿಯ ಜೊತೆಯಲ್ಲೇ ಆರೋಗ್ಯ ಸರ್ಚಾರ್ಜ್ ಕಟ್ಟಬೇಕು. 2024ರ ಫೆಬ್ರವರಿಯಿಂದ ವಿದ್ಯಾರ್ಥಿಗಳಿಗೆ ಇದು ವರ್ಷಕ್ಕೆ 776 ಪೌಂಡ್. ವೀಸಾ ಎಷ್ಟು ಕಾಲಕ್ಕೆ ಇದೆಯೋ ಅಷ್ಟಕ್ಕೂ ಒಂದೇ ಸಲ ಕಟ್ಟಬೇಕು. 16 ತಿಂಗಳ ವೀಸಾ ಆದರೆ ಒಂದು ವರ್ಷಕ್ಕೆ 776, ಉಳಿದ 4 ತಿಂಗಳಿಗೆ ಅರ್ಧ ವರ್ಷದ 388, ಒಟ್ಟು 1,164 ಪೌಂಡ್. ಇದನ್ನು ಕಟ್ಟಿದವರಿಗೆ ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಚಿಕಿತ್ಸೆ ಸಿಗುತ್ತದೆ. ಹಲ್ಲಿನ ಚಿಕಿತ್ಸೆಗೆ, ಇಂಗ್ಲೆಂಡಿನಲ್ಲಾದರೆ ಔಷಧ ಚೀಟಿಗೂ, ಬೇರೆ ಶುಲ್ಕವಿದೆ. ಹೋಗುವ ಮೊದಲೇ ದೊಡ್ಡ ಮೊತ್ತ ಬೇಕಾಗುವುದರಿಂದ ಬ್ಯಾಂಕ್ ಸಾಲದ ಲೆಕ್ಕದಲ್ಲಿ ಇದನ್ನು ಮರೆಯಬಾರದು.

ಆಸ್ಟ್ರೇಲಿಯಾದಲ್ಲಿ ವಿದ್ಯಾರ್ಥಿ ವೀಸಾಕ್ಕೆ ಸಾಗರೋತ್ತರ ವಿದ್ಯಾರ್ಥಿ ಆರೋಗ್ಯ ವಿಮೆ ಕಡ್ಡಾಯ. ಅಲ್ಲಿ ಇರುವಷ್ಟು ಕಾಲವೂ ಅದು ಚಾಲ್ತಿಯಲ್ಲಿರಬೇಕು. ಅನುಮತಿ ಪಡೆದ ಕೆಲವು ಕಂಪನಿಗಳಲ್ಲಿ ಒಂದನ್ನು ನಾವೇ ಆರಿಸಬಹುದು. ಆದರೆ ಮೊದಲೇ ಇದ್ದ ಕಾಯಿಲೆಗೆ 12 ತಿಂಗಳವರೆಗೆ ಕಾಯುವ ಅವಧಿ ಇರಬಹುದು. ಸಾಮಾನ್ಯ ದಂತ ಚಿಕಿತ್ಸೆ, ಕನ್ನಡಕ ಇದರಲ್ಲಿ ಸೇರುವುದಿಲ್ಲ.

ಅಮೆರಿಕದಲ್ಲಿ ಎಫ್-1 ವೀಸಾದವರಿಗೆ ಕೇಂದ್ರ ಸರ್ಕಾರದ ಕಡೆಯಿಂದ ಇಂಥ ಕಡ್ಡಾಯ ನಿಯಮವಿಲ್ಲ, ಸಾಮಾನ್ಯವಾಗಿ ವಿಶ್ವವಿದ್ಯಾಲಯವೇ ನಿಯಮ ಹಾಕುತ್ತದೆ. ವಿಶ್ವವಿದ್ಯಾಲಯದ ಯೋಜನೆಗೆ ಸೇರಬೇಕು, ಇಲ್ಲವೇ ಅದಕ್ಕೆ ಸಮನಾದ ವಿಮೆ ತೋರಿಸಿ ವಿನಾಯಿತಿ ಪಡೆಯಬೇಕು. ವಿನಿಮಯ ವಿದ್ಯಾರ್ಥಿಗಳ ಜೆ-1 ವೀಸಾಕ್ಕೆ ಮಾತ್ರ ಸರ್ಕಾರವೇ ಕನಿಷ್ಠ ಮಟ್ಟ ಹೇಳಿದೆ: ಪ್ರತಿ ಕಾಯಿಲೆ ಅಥವಾ ಅಪಘಾತಕ್ಕೆ 1,00,000 ಡಾಲರ್, ಚಿಕಿತ್ಸೆಗಾಗಿ ಸಾಗಿಸಲು 50,000 ಡಾಲರ್, ಮೃತದೇಹ ಸ್ವದೇಶಕ್ಕೆ ಕಳಿಸಲು 25,000 ಡಾಲರ್. ನಮ್ಮ ಕೈಯಿಂದ ಮೊದಲು ಕೊಡಬೇಕಾದ ಮೊತ್ತ ಪ್ರತಿ ಕಾಯಿಲೆಗೆ 500 ಡಾಲರ್ ಮೀರಬಾರದು. ಬೇರೆ ದೇಶಕ್ಕೆ ಹೋಗುವವರೂ ಪಾಲಿಸಿ ಓದುವಾಗ ಈ ನಾಲ್ಕು ಸಾಲುಗಳನ್ನು ಅಳತೆಗೋಲಿನಂತೆ ಇಟ್ಟುಕೊಳ್ಳಬಹುದು.

ಜರ್ಮನಿಯ ಲೆಕ್ಕ

ಕಡ್ಡಾಯ ಆರೋಗ್ಯ ವಿಮೆಯ ಕಾನೂನನ್ನು ಜರ್ಮನಿ 1883ರಲ್ಲಿ, ಬಿಸ್ಮಾರ್ಕ್ ಕಾಲದಲ್ಲಿ, ತಂದಿತು. ಅದು ಕಾರ್ಮಿಕರಿಗಾಗಿ ಶುರುವಾದ ವ್ಯವಸ್ಥೆ. ಇಂದು ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಆರೋಗ್ಯ ವಿಮೆ ಇಲ್ಲದೆ ವಿದ್ಯಾರ್ಥಿಯ ನೋಂದಣಿ ಆಗುವುದಿಲ್ಲ.

ಅಲ್ಲಿ ವಿಮೆ ಎರಡು ಬಗೆ. ಒಂದು ಶಾಸನಬದ್ಧ ವಿಮೆ. ಇದನ್ನು ನಡೆಸುವ ನಿಧಿಗಳಿಗೆ "ಕ್ರಾಂಕನ್‌ಕಾಸೆ" ಎನ್ನುತ್ತಾರೆ. ಇವು ಲಾಭಕ್ಕಾಗಿ ನಡೆಯುವ ಕಂಪನಿಗಳಲ್ಲ. ಇನ್ನೊಂದು ಖಾಸಗಿ ವಿಮೆ.

30 ವರ್ಷದೊಳಗಿನ ವಿದ್ಯಾರ್ಥಿಗೆ ಶಾಸನಬದ್ಧ ವಿಮೆಯಲ್ಲಿ ರಿಯಾಯಿತಿ ದರ ಇದೆ. 2025ರ ದರದ ಪ್ರಕಾರ ಲೆಕ್ಕ ಹೀಗಿದೆ. ಸರ್ಕಾರದ ವಿದ್ಯಾರ್ಥಿ ನೆರವಿನ ಮೊತ್ತವಾದ 855 ಯೂರೋವನ್ನು ಆಧಾರವಾಗಿ ಹಿಡಿಯುತ್ತಾರೆ. ಅದರ ಶೇಕಡಾ 10.22 ಎಂದರೆ 87.38 ಯೂರೋ ಮೂಲ ವಂತಿಗೆ. ಪ್ರತಿ ನಿಧಿಯೂ ಹಾಕುವ ಹೆಚ್ಚುವರಿ ವಂತಿಗೆ ಸರಾಸರಿ ಶೇಕಡಾ 2.5, ಅಂದರೆ 21.38 ಯೂರೋ. ಶುಶ್ರೂಷಾ ವಿಮೆ 23 ವರ್ಷ ದಾಟಿದ, ಮಕ್ಕಳಿಲ್ಲದವರಿಗೆ ಶೇಕಡಾ 4.2, ಅಂದರೆ 35.91 ಯೂರೋ. ಕೂಡಿದರೆ 144.67, ಅಂದಾಜು 145 ಯೂರೋ. ವಯಸ್ಸು ಅದಕ್ಕಿಂತ ಕಡಿಮೆಯಿದ್ದರೆ ಸುಮಾರು 5 ಯೂರೋ ಕಡಿಮೆಯಾಗುತ್ತದೆ. ಹೆಚ್ಚುವರಿ ವಂತಿಗೆ ನಿಧಿಯಿಂದ ನಿಧಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಆದ್ದರಿಂದ ಹೋಗುವ ವರ್ಷದ ದರವನ್ನು ನೋಡಿಕೊಳ್ಳಬೇಕು.

ಜರ್ಮನಿಗೆ ಹೋಗುವ ವಿದ್ಯಾರ್ಥಿ ಒಂದು ವರ್ಷದ ಖರ್ಚನ್ನು ಮೊದಲೇ ಒಂದು ನಿರ್ಬಂಧಿತ ಖಾತೆಯಲ್ಲಿ ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ, ತಿಂಗಳಿಗೆ ಕೈಗೆ ಬರುವುದು 992. ಅದರಲ್ಲಿ 145 ವಿಮೆಗೆ ಹೋದರೆ ಏಳನೇ ಒಂದು ಪಾಲು ಹೋದಂತೆ. ಬಾಡಿಗೆ, ಊಟ ಎಲ್ಲ ಉಳಿದ ಹಣದಲ್ಲೇ ಆಗಬೇಕು. ಹೀಗಿರುವಾಗ 35 ಯೂರೋ ಪಾಲಿಸಿ ಯಾರಿಗೆ ತಾನೇ ಆಸೆ ಹುಟ್ಟಿಸುವುದಿಲ್ಲ?

ಎರಡು ವರ್ಷಕ್ಕೆ ಲೆಕ್ಕ ಹಾಕೋಣ. ಶಾಸನಬದ್ಧ ವಿಮೆ 145 x 24 = 3,480 ಯೂರೋ. ಆ ಖಾಸಗಿ ಪಾಲಿಸಿ 35 x 24 = 840 ಯೂರೋ. ವ್ಯತ್ಯಾಸ 2,640 ಯೂರೋ. ಸುಲಭಕ್ಕೆ ಒಂದು ಯೂರೋಗೆ 100 ರೂಪಾಯಿ ಎಂದು ಹಿಡಿದರೂ 2,64,000 ರೂಪಾಯಿ. ಅಬ್ಬಾ ಸಂತೋಷಪಟ್ಟದ್ದು ತಪ್ಪಲ್ಲ. ನಾವು ಕಾಮರ್ಸ್ ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆ ಇದು: ಈ ಹಣ ಉಳಿಯುವುದು ಯಾಕೆ? ಆ ಕಡೆ ಏನನ್ನು ಕಡಿಮೆ ಮಾಡಿದ್ದಾರೆ?

ಪಾಲಿಸಿಯ ನಿಯಮಗಳು ಇಂಗ್ಲಿಷಿನಲ್ಲಿ 20 ಪುಟಗಳಷ್ಟಿದ್ದವು. ಅಬ್ಬಾಗೆ ನಾನು ಅದನ್ನು ಉರ್ದುವಿನಲ್ಲಿ ಹೇಳಬೇಕಾಗಿತ್ತು. ನಮ್ಮ ಮನೆಯ "ಬೀಮಾ"ವೇ ಕನ್ನಡದ "ವಿಮೆ" ಆದ್ದರಿಂದ ಆ ಪದ ಕಷ್ಟವಾಗಲಿಲ್ಲ. ಕಷ್ಟವಾದದ್ದು "ಹೊರಗಿಟ್ಟ ಸಂಗತಿಗಳು" ಎಂಬ ಪುಟ. ಪಾಲಿಸಿ ಶುರುವಾಗುವ ಮೊದಲೇ ಇದ್ದ ಯಾವ ಕಾಯಿಲೆಗೂ, ಅದರಿಂದ ಉಂಟಾಗುವ ತೊಂದರೆಗೂ ಹಣ ಕೊಡುವುದಿಲ್ಲ ಎಂದು ಅಲ್ಲಿತ್ತು. ಎಂದರೆ ಅಣ್ಣನಿಗೆ ಅತಿ ಹೆಚ್ಚು ಬೇಕಾಗಬಹುದಾದ ಚಿಕಿತ್ಸೆಯೇ ಹೊರಗೆ. ಶಾಸನಬದ್ಧ ವಿಮೆಯಲ್ಲಿ ಹಾಗಿಲ್ಲ. ಮೊದಲಿನಿಂದ ಕಾಯಿಲೆ ಇದೆ ಎಂದು ಅವರು ಸೇರಿಸಿಕೊಳ್ಳದೆ ಬಿಡುವಂತಿಲ್ಲ, ವಂತಿಗೆ ಹೆಚ್ಚಿಸುವಂತೆಯೂ ಇಲ್ಲ.

ಹಿಂದಕ್ಕೆ ಬರಲಾಗದ ಬಾಗಿಲು

ನಮಗೆ ಬಹಳ ಭಯ ಹುಟ್ಟಿಸಿದ್ದು ಬೇರೊಂದು ನಿಯಮ. ಜರ್ಮನಿಯಲ್ಲಿ ಖಾಸಗಿ ವಿಮೆ ಬೇಕೆಂದರೆ ವಿದ್ಯಾರ್ಥಿ ಮೊದಲು ಶಾಸನಬದ್ಧ ವಿಮೆಯಿಂದ ವಿನಾಯಿತಿ ಕೇಳಬೇಕು. ಜರ್ಮನ್ ಭಾಷೆಯಲ್ಲಿ ಇದಕ್ಕೆ "ಬೆಫ್ರೈಯುಂಗ್" ಎಂದು ಹೆಸರು. ವಿಮೆಯ ಕಡ್ಡಾಯ ಶುರುವಾದ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಒಮ್ಮೆ ವಿನಾಯಿತಿ ಸಿಕ್ಕಿದರೆ ಆ ಓದು ಮುಗಿಯುವವರೆಗೆ ಅದನ್ನು ರದ್ದು ಮಾಡಿಸಲಾಗದು. ಆರು ತಿಂಗಳ ನಂತರ "ತಪ್ಪಾಯಿತು, ನನ್ನನ್ನು ಶಾಸನಬದ್ಧ ವಿಮೆಗೆ ಸೇರಿಸಿಕೊಳ್ಳಿ" ಎಂದರೆ ವಿದ್ಯಾರ್ಥಿಯಾಗಿ ಸೇರಿಸಿಕೊಳ್ಳುವುದಿಲ್ಲ.

ಓದು ಮುಗಿದ ಮೇಲೂ ಇದರ ನೆರಳು ಇರುತ್ತದೆ. ಪದವಿ ಪಡೆದ ವಿದೇಶಿ ವಿದ್ಯಾರ್ಥಿಗೆ ಕೆಲಸ ಹುಡುಕಲು ಜರ್ಮನಿ 18 ತಿಂಗಳವರೆಗೆ ಅವಕಾಶ ಕೊಡುತ್ತದೆ. ಶಾಸನಬದ್ಧ ವಿಮೆಯಲ್ಲಿ ಇದ್ದವನು ಆ ಕಾಲದಲ್ಲಿ ಹೆಚ್ಚು ವಂತಿಗೆ ಕಟ್ಟಿ ಅದರಲ್ಲೇ ಮುಂದುವರಿಯಬಹುದು. ಹೊರಗೆ ಹೋದವನಿಗೆ ಸಾಮಾನ್ಯವಾಗಿ ಉದ್ಯೋಗ ಸಿಗುವ ತನಕ ಒಳಗೆ ಬರಲು ದಾರಿಯಿಲ್ಲ.

ಹಾಗೆಂದು ಖಾಸಗಿ ವಿಮೆ ಎಲ್ಲರಿಗೂ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. 30 ವರ್ಷ ದಾಟಿದವರಿಗೆ ವಿದ್ಯಾರ್ಥಿ ದರ ಇಲ್ಲ. ಪದವಿಗೆ ಮುಂಚೆ ಕೇವಲ ಭಾಷಾ ಕೋರ್ಸ್ ಅಥವಾ ಪೂರ್ವಸಿದ್ಧತಾ ಕೋರ್ಸ್ ಮಾಡುವವರಿಗೂ ಸಾಮಾನ್ಯವಾಗಿ ಇಲ್ಲ. ಅಂಥವರು ಖಾಸಗಿ ವಿಮೆಯನ್ನೇ ನೋಡಬೇಕಾಗುತ್ತದೆ. ಆದರೆ ಅವರು ಅಗತ್ಯಕ್ಕೆ ಆರಿಸುತ್ತಾರೆ. ಅಗತ್ಯವಿಲ್ಲದವನು ಕಡಿಮೆ ದರ ನೋಡಿ ಆರಿಸುವುದು ಬೇರೆ ಮಾತು.

ನಿಜ ಹೇಳುವುದರ ಬೆಲೆ

ಈಗ ಸಲಹೆಗಾರರ ಮಾತಿಗೆ ಬರೋಣ. "ಕಾಯಿಲೆ ಇಲ್ಲ ಎಂದು ಹಾಕಿ." ನಮ್ಮ ಪಾಠದ ಮೊದಲನೇ ತತ್ವವೇ ಪರಮ ಸದ್ಭಾವನೆ. ಅಂಗಡಿಯಲ್ಲಿ ಬಟ್ಟೆ ಕೊಳ್ಳುವಾಗ ನಾವು ಮುಟ್ಟಿ ನೋಡುತ್ತೇವೆ. ವಿಮೆಯಲ್ಲಿ ಕಂಪನಿಗೆ ನಮ್ಮ ದೇಹವನ್ನು ಹಾಗೆ ನೋಡಲು ಆಗುವುದಿಲ್ಲ. ನಾವು ಹೇಳಿದ್ದನ್ನು ನಂಬಿ ಅದು ಒಪ್ಪಂದ ಮಾಡಿಕೊಳ್ಳುತ್ತದೆ. ಆದ್ದರಿಂದ ಮುಖ್ಯ ವಿಷಯವನ್ನು ಮುಚ್ಚಿಟ್ಟರೆ ಪರಿಹಾರ ನಿರಾಕರಿಸಬಹುದು, ಒಪ್ಪಂದವನ್ನೇ ರದ್ದು ಮಾಡಬಹುದು.

ಮುಚ್ಚಿಟ್ಟದ್ದು ಗೊತ್ತಾಗುವುದು ಯಾವಾಗ? ಪ್ರೀಮಿಯಂ ಕಟ್ಟುವಾಗ ಯಾರೂ ಕೇಳುವುದಿಲ್ಲ. ಆಸ್ಪತ್ರೆಯಲ್ಲಿ ಮಲಗಿದಾಗ ವೈದ್ಯರು "ಎಷ್ಟು ವರ್ಷದಿಂದ ಅಸ್ತಮಾ ಇದೆ" ಎಂದು ಕೇಳುತ್ತಾರೆ, ರೋಗಿ ನಿಜವನ್ನೇ ಹೇಳುತ್ತಾನೆ, ಅದು ದಾಖಲೆಗೆ ಹೋಗುತ್ತದೆ. ಎಂದರೆ ವಿಮೆ ಬೇಕಾದ ದಿನವೇ ಅದು ಕೈಬಿಡುತ್ತದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಪ್ರಯೋಜನ? ಜೊತೆಗೆ ಸುಳ್ಳು ಸುಳ್ಳೇ ತಾನೆ. ಅದನ್ನು ಅಬ್ಬಾ ತಾವೇ ಹೇಳಿದರು, ನಾನು ಹೇಳಬೇಕಾಗಲಿಲ್ಲ.

ಇನ್ನೊಂದು ತತ್ವವೂ ಇಲ್ಲಿ ಕೆಲಸಕ್ಕೆ ಬರುತ್ತದೆ, ನಷ್ಟಭರ್ತಿ. ಚಿಕಿತ್ಸಾ ವೆಚ್ಚದ ವಿಮೆ ನಮಗೆ ಆದ ಖರ್ಚನ್ನು ಮಾತ್ರ ತುಂಬಿಕೊಡುತ್ತದೆ. ಎರಡು ಪಾಲಿಸಿ ಕೊಂಡರೆ ಒಂದೇ ಬಿಲ್ಲಿಗೆ ಎರಡು ಸಲ ಹಣ ಬರುವುದಿಲ್ಲ. ಆದ್ದರಿಂದ ಭಯದಿಂದ ಒಂದೇ ಬಗೆಯ ಎರಡು ವಿಮೆ ಕೊಳ್ಳುವುದು ದಂಡ.

ಪಾಲಿಸಿಯಲ್ಲಿ ನೋಡಬೇಕಾದ ಆರು ಪದಗಳು

ಅಮೆರಿಕದಂಥ ದೇಶಕ್ಕೆ ಹೋಗುವವರು ಎರಡು ಮೂರು ಯೋಜನೆಗಳನ್ನು ಹೋಲಿಸಬೇಕಾಗುತ್ತದೆ. ಆಗ ಈ ಆರು ಪದಗಳು ಗೊತ್ತಿರಬೇಕು.

1. ಪ್ರೀಮಿಯಂ: ಕಾಯಿಲೆ ಬರಲಿ ಬಿಡಲಿ ಕಟ್ಟಬೇಕಾದ ಹಣ.
2. ಡಿಡಕ್ಟಿಬಲ್: ವಿಮೆ ಕೊಡಲು ಶುರು ಮಾಡುವ ಮೊದಲು ನಾವು ಕೈಯಿಂದ ಕೊಡಬೇಕಾದ ಮೊತ್ತ.
3. ಸಹಪಾವತಿ: ಅದರ ನಂತರದ ಬಿಲ್ಲಿನಲ್ಲಿ ನಮ್ಮ ಪಾಲು. ಶೇಕಡಾವಾರು ಇರಬಹುದು, ನಿಗದಿತ ಮೊತ್ತವೂ ಇರಬಹುದು.
4. ಮಿತಿ: ಎರಡು ಬಗೆಯ ಮಿತಿ ಇವೆ. ಕಂಪನಿ ಇದಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂಬುದು ಒಂದು. ನಾವು ವರ್ಷಕ್ಕೆ ಇದಕ್ಕಿಂತ ಹೆಚ್ಚು ಕೊಡಬೇಕಾಗಿಲ್ಲ ಎಂಬುದು ಇನ್ನೊಂದು. ಮೊದಲನೆಯದು ದೊಡ್ಡದಿರಬೇಕು, ಎರಡನೆಯದು ಚಿಕ್ಕದಿರಬೇಕು.
5. ಕಾಯುವ ಅವಧಿ: ಪಾಲಿಸಿ ಕೊಂಡರೂ ಕೆಲವು ಕಾಯಿಲೆಗೆ ಹಣ ಸಿಗದ ತಿಂಗಳುಗಳು.
6. ಹೊರಗಿಟ್ಟ ಸಂಗತಿಗಳು: ಎಂದಿಗೂ ಹಣ ಸಿಗದ ಕಾಯಿಲೆ ಮತ್ತು ಸಂದರ್ಭಗಳು.

ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಯೋಜನೆ "ಅ": ವರ್ಷದ ಪ್ರೀಮಿಯಂ 2,400 ಡಾಲರ್, ಡಿಡಕ್ಟಿಬಲ್ 500, ಸಹಪಾವತಿ ಶೇಕಡಾ 20. ಯೋಜನೆ "ಆ": ಪ್ರೀಮಿಯಂ 1,200 ಡಾಲರ್, ಡಿಡಕ್ಟಿಬಲ್ 2,500, ಸಹಪಾವತಿ ಶೇಕಡಾ 30. ವಿದ್ಯಾರ್ಥಿಗೆ ಒಂದು ಶಸ್ತ್ರಚಿಕಿತ್ಸೆ ಆಗಿ 12,000 ಡಾಲರ್ ಬಿಲ್ಲು ಬಂತು ಎನ್ನಿ.

"ಅ" ಯೋಜನೆಯಲ್ಲಿ ಅವನು 500 ಕೊಡುತ್ತಾನೆ. ಉಳಿದ 11,500ರಲ್ಲಿ ಶೇಕಡಾ 20 ಎಂದರೆ 2,300. ಒಟ್ಟು 2,800. ಪ್ರೀಮಿಯಂ ಸೇರಿಸಿದರೆ ಆ ವರ್ಷದ ಖರ್ಚು 5,200 ಡಾಲರ್.

"ಆ" ಯೋಜನೆಯಲ್ಲಿ 2,500 ಕೊಡುತ್ತಾನೆ. ಉಳಿದ 9,500ರಲ್ಲಿ ಶೇಕಡಾ 30 ಎಂದರೆ 2,850. ಒಟ್ಟು 5,350. ಪ್ರೀಮಿಯಂ ಸೇರಿ 6,550 ಡಾಲರ್.

ಪ್ರೀಮಿಯಂನಲ್ಲಿ 1,200 ಉಳಿಸಿದವನು ಬಿಲ್ಲಿನಲ್ಲಿ 2,550 ಹೆಚ್ಚು ಕೊಟ್ಟ. ಕಾಯಿಲೆಯೇ ಬರದಿದ್ದರೆ "ಆ" ಯೋಜನೆ ಲಾಭ, ಅದು ನಿಜ. ಆದರೆ ವಿಮೆ ಕೊಳ್ಳುವುದು ಕಾಯಿಲೆ ಬಾರದ ವರ್ಷಕ್ಕಲ್ಲ. ನಮ್ಮನ್ನು ನಾವು ಕೇಳಿಕೊಳ್ಳಬೇಕಾದದ್ದು, "ಇಂಥ ಬಿಲ್ಲು ಬಂದರೆ ಒಂದು ವಾರದಲ್ಲಿ ನಮ್ಮ ಮನೆಯವರು ಎಷ್ಟು ಹಣ ಹೊಂದಿಸಬಲ್ಲರು?" ಆ ಮೊತ್ತಕ್ಕಿಂತ ನಮ್ಮ ಪಾಲು ಹೆಚ್ಚಾಗುವ ಯೋಜನೆ ನಮ್ಮದಲ್ಲ.

ಜರ್ಮನಿಯ ಶಾಸನಬದ್ಧ ವಿಮೆಯನ್ನು ಇದೇ ಅಳತೆಯಲ್ಲಿ ನೋಡಿದರೆ, ವೈದ್ಯರ ಬಳಿ ಹೋದರೆ ಬಿಲ್ಲು ಇಲ್ಲ, ಕಾರ್ಡ್ ತೋರಿಸಿದರೆ ಸಾಕು. ವೈದ್ಯರು ಬರೆದ ಔಷಧಕ್ಕೆ ಬೆಲೆಯ ಶೇಕಡಾ 10, ಕನಿಷ್ಠ 5 ಯೂರೋ, ಗರಿಷ್ಠ 10 ಯೂರೋ. ಆಸ್ಪತ್ರೆಯಲ್ಲಿ ದಿನಕ್ಕೆ 10 ಯೂರೋ, ಅದೂ ವರ್ಷಕ್ಕೆ 28 ದಿನ ಮಾತ್ರ. 28 ದಿನ ಮಲಗಿದರೂ 280 ಯೂರೋ. ಅಮ್ಮಿಯ ಪ್ರಶ್ನೆಗೆ ಉತ್ತರ ಇಲ್ಲಿ ಸಿಕ್ಕಿತು.

ನಡುವಿನ ಖಾಲಿ ದಿನಗಳು

ಬಹಳ ಜನ ಮರೆಯುವ ವಿಷಯ ಒಂದಿದೆ. ಜರ್ಮನಿಯಲ್ಲಿ ವಿದ್ಯಾರ್ಥಿ ವಿಮೆ ಸೆಮಿಸ್ಟರ್ ಶುರುವಾಗುವ ದಿನಕ್ಕಿಂತ ಮೊದಲು ಶುರುವಾಗುವುದಿಲ್ಲ. ವಿಶ್ವವಿದ್ಯಾಲಯಗಳ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ಕ್ಕೆ ಶುರು. ವಿದ್ಯಾರ್ಥಿಗಳು ಮನೆ ಹುಡುಕಲು ಸೆಪ್ಟೆಂಬರ್‌ನಲ್ಲೇ ಹೋಗುತ್ತಾರೆ. ಆ ದಿನಗಳಲ್ಲಿ ಮೆಟ್ಟಿಲಿಂದ ಬಿದ್ದು ಕಾಲು ಮುರಿದರೆ? ಅದಕ್ಕಾಗಿಯೇ ಪ್ರಯಾಣ ವಿಮೆ ಬೇಕು. ವೀಸಾ ಸಮಯದಲ್ಲೂ ಅದನ್ನು ಕೇಳುತ್ತಾರೆ. ಷೆಂಗೆನ್ ದೇಶಗಳ ಪ್ರಯಾಣ ವಿಮೆಯ ಕನಿಷ್ಠ ಮೊತ್ತ 30,000 ಯೂರೋ. ಇದನ್ನು ಭಾರತದಲ್ಲೇ ಕೊಳ್ಳಬಹುದು. ವಿಮಾನ ಹತ್ತುವ ದಿನದಿಂದ ನೋಂದಣಿ ಆಗುವ ದಿನದವರೆಗೆ, ಒಂದೆರಡು ವಾರ ಹೆಚ್ಚೇ ಇರುವಂತೆ ಕೊಳ್ಳುವುದು ಒಳ್ಳೆಯದು. ಆದರೆ ಇದು ಸೇತುವೆ ಮಾತ್ರ, ಸೇತುವೆಯ ಮೇಲೆ ಮನೆ ಕಟ್ಟಬಾರದು. ಪ್ರಯಾಣ ವಿಮೆ ತೋರಿಸಿ ಎರಡು ವರ್ಷ ಓದಲಾಗದು.

ಬೇಗ ಖಾತೆ ತೆರೆದು ವಂತಿಗೆ ಸರಿಯಾಗಿ ಕಟ್ಟುವುದೂ ಮುಖ್ಯ. ಬಾಕಿ ಉಳಿಸಿಕೊಂಡರೆ ನಿಧಿ ವಿಶ್ವವಿದ್ಯಾಲಯಕ್ಕೆ ತಿಳಿಸುತ್ತದೆ, ಮುಂದಿನ ಸೆಮಿಸ್ಟರ್ ನೋಂದಣಿಗೆ ತಡೆ ಬರುತ್ತದೆ.

ಹೇಳಲು ಕಷ್ಟವಾದ ಮಾತು

ಇದನ್ನು ಬರೆಯಬೇಕೇ ಬೇಡವೇ ಎಂದು ಯೋಚಿಸಿದೆ. ಆದರೆ ಮನೆಯಲ್ಲಿ ಯಾರೂ ಎತ್ತದ ವಿಷಯವಾದ್ದರಿಂದಲೇ ಬರೆಯುತ್ತಿದ್ದೇನೆ. ಹೊರದೇಶದಲ್ಲಿ ವಿದ್ಯಾರ್ಥಿ ತೀರಿಕೊಂಡರೆ ಮೃತದೇಹವನ್ನು ಊರಿಗೆ ತರುವ ಖರ್ಚನ್ನು ಜರ್ಮನಿಯ ಶಾಸನಬದ್ಧ ವಿಮೆ ಕೊಡುವುದಿಲ್ಲ. ಗಂಭೀರ ಕಾಯಿಲೆಯಾದವರನ್ನು ಭಾರತಕ್ಕೆ ಸಾಗಿಸುವ ಖರ್ಚನ್ನೂ ಅದು ಕೊಡುವುದಿಲ್ಲ. ಭಾರತದ ಕಂಪನಿಗಳ ವಿದ್ಯಾರ್ಥಿ ಪ್ರಯಾಣ ಪಾಲಿಸಿಗಳಲ್ಲಿ ಈ ಎರಡು ಸಾಲುಗಳು ಸಾಮಾನ್ಯವಾಗಿ ಇರುತ್ತವೆ. ಪಾಲಿಸಿ ಕೊಳ್ಳುವಾಗ ಅವುಗಳ ಮೊತ್ತ ಎಷ್ಟು ಎಂದು ಬೆರಳಿಟ್ಟು ನೋಡಬೇಕು. ಭಾರತ ಸರ್ಕಾರವು 2009ರಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಸ್ಥಾಪಿಸಿದೆ. ಹಣವಿಲ್ಲದ ಕುಟುಂಬಗಳಿಗೆ ಮೃತದೇಹ ತರಲು ರಾಯಭಾರ ಕಚೇರಿಗಳ ಮೂಲಕ ಅದರಿಂದ ನೆರವು ಸಿಗುತ್ತದೆ. ಆದರೆ ಅರ್ಹತೆ ನೋಡಿ ಕೊಡುವ ನೆರವು ಅದು, ಹಕ್ಕಿನಿಂದ ಕೇಳುವ ವಿಮೆಯಲ್ಲ.

ಎಲ್ಲಿ ದಫನ್ ಆಗಬೇಕು ಎಂಬ ಮಾತನ್ನು ಹೋಗುವ ಮೊದಲೇ ಆಡಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೂ ಪಾಲಿಸಿಯ ಒಂದು ಪ್ರತಿ ಮತ್ತು ತುರ್ತು ದೂರವಾಣಿ ಸಂಖ್ಯೆ ಮನೆಯವರ ಬಳಿ ಇರಲಿ ಎಂದಾದರೂ ಹೇಳಬಹುದು. ನಮ್ಮ ಮನೆಯಲ್ಲಿ ಅದು ಅಮ್ಮಿಯ ಅಲಮಾರಿಯಲ್ಲಿದೆ.

ವಿಮೆ ಹಲಾಲ್ ಹೌದೇ?

ನಮ್ಮಲ್ಲಿ ಅನೇಕರ ಮನಸ್ಸಿನಲ್ಲಿ ಈ ಪ್ರಶ್ನೆ ಇರುತ್ತದೆ. ಅಬ್ಬಾ ಕೂಡ ಕೇಳಿದರು. ಫತ್ವಾ ಹೇಳುವ ಯೋಗ್ಯತೆ ನನಗಿಲ್ಲ. ಓದಿ ತಿಳಿದದ್ದನ್ನಷ್ಟೇ ಹೇಳುತ್ತೇನೆ. 1985ರ ಡಿಸೆಂಬರ್‌ನಲ್ಲಿ ಜಿದ್ದಾದಲ್ಲಿ ಸೇರಿದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ, ನಿಗದಿತ ಪ್ರೀಮಿಯಂನ ವಾಣಿಜ್ಯ ವಿಮೆಯಲ್ಲಿ ದೊಡ್ಡ ಅನಿಶ್ಚಿತತೆ, ಅಂದರೆ ಗರರ್, ಇರುವುದರಿಂದ ಅದು ಸರಿಯಲ್ಲ ಎಂದಿತು. ಪರಸ್ಪರ ಸಹಕಾರ ಮತ್ತು ದಾನದ ಮೇಲೆ ನಿಂತ ಸಹಕಾರಿ ವಿಮೆಯನ್ನು ಪರ್ಯಾಯವಾಗಿ ಸೂಚಿಸಿತು. ಅದೇ ಇಂದಿನ ತಕಾಫುಲ್. ಸುಡಾನ್‌ನಲ್ಲಿ 1979ರಲ್ಲೇ ಇಂಥ ಕಂಪನಿ ಶುರುವಾಗಿತ್ತು. ಮಲೇಷ್ಯಾ 1984ರಲ್ಲಿ ತಕಾಫುಲ್ ಕಾಯ್ದೆ ಮಾಡಿತು.

ಕಾನೂನು ಕಡ್ಡಾಯ ಮಾಡಿದ ವಿಮೆಯನ್ನು ಸ್ವಇಚ್ಛೆಯ ವಾಣಿಜ್ಯ ವಿಮೆಗಿಂತ ಬೇರೆಯಾಗಿ ನೋಡುವ ವಿದ್ವಾಂಸರೂ ಇದ್ದಾರೆ. ಅಬ್ಬಾ ನಮ್ಮ ಮೊಹಲ್ಲಾದ ಆಲಿಮ್ ಒಬ್ಬರ ಬಳಿ ಹೋಗಿ, ಎರಡು ಬಗೆಯ ವಿಮೆ ಹೇಗೆ ನಡೆಯುತ್ತವೆ ಎಂದು ವಿವರಿಸಿ ಕೇಳಿಕೊಂಡು ಬಂದರು. ನೀವೂ ಹಾಗೆಯೇ ಮಾಡಿ. ಆದರೆ "ವಿಮೆ ಹಲಾಲೋ ಹರಾಮೋ" ಎಂದಷ್ಟೇ ಕೇಳಬೇಡಿ. ಹಣ ಯಾರ ಬಳಿ ಹೋಗುತ್ತದೆ, ಉಳಿದ ಹಣ ಯಾರಿಗೆ, ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿದುಕೊಂಡು ಕೇಳಿ. ಪ್ರಶ್ನೆ ಸರಿಯಾಗಿದ್ದರೆ ಉತ್ತರವೂ ಸರಿಯಾಗಿ ಸಿಗುತ್ತದೆ.

ಹೊರಡುವ ಮೊದಲು ಕೇಳಬೇಕಾದ ಪ್ರಶ್ನೆಗಳು

1. ಆ ದೇಶದಲ್ಲಿ ವಿದ್ಯಾರ್ಥಿಗೆ ಯಾವ ವಿಮೆ ಕಡ್ಡಾಯ? ಉತ್ತರವನ್ನು ವಿಶ್ವವಿದ್ಯಾಲಯದಿಂದಲೇ ಲಿಖಿತವಾಗಿ ಪಡೆಯಿರಿ.
2. ಈಗಿರುವ ಕಾಯಿಲೆಗೆ, ನಿತ್ಯದ ಔಷಧಕ್ಕೆ ಹಣ ಸಿಗುತ್ತದೆಯೇ? ಎಷ್ಟು ತಿಂಗಳ ನಂತರ?
3. ಬಿಲ್ಲಿನಲ್ಲಿ ನಮ್ಮ ಪಾಲು ಎಷ್ಟು? ಅದಕ್ಕೆ ಮೇಲ್ಮಿತಿ ಇದೆಯೇ?
4. ಮಾನಸಿಕ ಆರೋಗ್ಯ, ಹಲ್ಲು, ಕಣ್ಣು ಸೇರಿವೆಯೇ?
5. ವಿಮೆ ಯಾವ ದಿನ ಶುರು, ಯಾವ ದಿನ ಕೊನೆ? ನಡುವೆ ಖಾಲಿ ದಿನ ಇದೆಯೇ?
6. ಈ ಆಯ್ಕೆಯನ್ನು ಮುಂದೆ ಬದಲಿಸಬಹುದೇ?
7. ರೋಗಿಯನ್ನು ಅಥವಾ ಮೃತದೇಹವನ್ನು ಊರಿಗೆ ಕಳಿಸುವ ಖರ್ಚು ಯಾರದು?
8. ಈ ಪಾಲಿಸಿ ಮಾರುವವರಿಗೆ ಅದರಿಂದ ಕಮಿಷನ್ ಇದೆಯೇ? ಇದ್ದರೆ ತಪ್ಪಲ್ಲ, ಆದರೆ ನಮಗೆ ಗೊತ್ತಿರಬೇಕು.

ಎಂಟರಲ್ಲಿ ಒಂದನ್ನೇ ನೆನಪಿಡುವುದಾದರೆ ಆರನೆಯದನ್ನು ನೆನಪಿಡಿ. ದುಬಾರಿ ಆಯ್ಕೆಯನ್ನು ಮುಂದೆ ಸರಿಪಡಿಸಿಕೊಳ್ಳಬಹುದು. ಬದಲಿಸಲಾಗದ ತಪ್ಪು ಆಯ್ಕೆಯನ್ನು ಸಹಿಸಿಕೊಳ್ಳಬೇಕಷ್ಟೇ.

ಅಣ್ಣ ಶಾಸನಬದ್ಧ ವಿಮೆಯನ್ನೇ ಆರಿಸಿದ. ಅಬ್ಬಾ ಆ ಹೆಚ್ಚಿನ ಹಣವನ್ನು ಹೊಂದಿಸಲು ಅಂಗಡಿಗೆ ಹೊಸ ಗಾಡಿ ತರುವುದನ್ನು ಮುಂದೂಡಿದರು. ನವೆಂಬರ್‌ನಲ್ಲಿ ಚಳಿ ಹೆಚ್ಚಾದಾಗ ಅಣ್ಣನಿಗೆ ಉಸಿರು ಕಟ್ಟಿದಂತಾಯಿತು. ವೈದ್ಯರ ಬಳಿ ಹೋಗಿ ಕಾರ್ಡ್ ಕೊಟ್ಟ. ಔಷಧದ ಅಂಗಡಿಯಲ್ಲಿ ಇನ್ಹೇಲರ್‌ಗೆ 5 ಯೂರೋ ಕೊಟ್ಟ. ಆ ರಾತ್ರಿ ಫೋನಿನಲ್ಲಿ ಅವನ ಮಾತು ಸರಾಗವಾಗಿತ್ತು. ಅಮ್ಮಿ ಮತ್ತೆ ಬೇರೇನೂ ಕೇಳಲಿಲ್ಲ.

ಹೋಗುವವರೆಲ್ಲರಿಗೂ ಅಲ್ಲಾಹನು ಆರೋಗ್ಯ ಕೊಡಲಿ. ವಿಮೆಯ ಕಾಗದ ಉಪಯೋಗಿಸುವ ಸಂದರ್ಭವೇ ಬಾರದಿರಲಿ. ಆದರೆ ಸಹಿ ಹಾಕುವ ಮೊದಲು ಆ ಕಾಗದವನ್ನು ಪೂರ್ತಿ ಓದಿ.